ಗೋಡೆಯೊಳಗೆ ಹೆಣ, ಬಾಯಲ್ಲಿ ಗುನುಗು

1989ರ ಬೇಸಿಗೆಯಲ್ಲಿ ಬ್ರಿಟನ್ನಿನ ರೇಡಿಯೋದಲ್ಲಿ ಒಂದು ನಿಧಾನಗತಿಯ ಹಾಡು ಮತ್ತೆ ಮತ್ತೆ ಬರುತ್ತಿತ್ತು. ಬೆಣ್ಣೆಯಂಥ ಗಂಡುದನಿ, ಮೆತ್ತನೆಯ ವಾದ್ಯಗಳು, ಪಲ್ಲವಿಯಲ್ಲಿ ಸಾಲಾಗಿ ಹುಡುಗಿಯರ ಹೆಸರು: ಜೆನಿಫರ್, ಆಲಿಸನ್, ಫಿಲಿಪಾ, ಸೂ. ಪ್ರೇಮಗೀತೆ ಎಂದುಕೊಂಡು ಜನ ಕೊಂಡರು, ಹಾಡು ಚಾರ್ಟಿನಲ್ಲಿ, ಅಂದರೆ ವಾರದ ಮಾರಾಟದ ಪಟ್ಟಿಯಲ್ಲಿ, 2ನೇ ಸ್ಥಾನಕ್ಕೇರಿತು. ಆದರೆ ಅದರಲ್ಲಿ ಪ್ರೇಮ ಚೂರೂ ಇಲ್ಲ. ಹಾಡುತ್ತಿರುವವನು ಪ್ರೇಮಗೀತೆ ಬರೆಯುವುದನ್ನೇ ಕಸುಬು ಮಾಡಿಕೊಂಡವನು. ಹುಡುಗಿ ಅತ್ತರೆ ಹಾಡು ಹುಟ್ಟುತ್ತದೆ, ಹಾಡು ಗೆದ್ದರೆ ದುಡ್ಡು ಬರುತ್ತದೆ, ಹಾಗಾಗಿ ಅಳು ಚಿನ್ನಾ, ಅಳು ಅನ್ನುತ್ತಾನೆ. ಅವಳು ಮಲಗಿದ ಮೇಲೆ ಮೆಲ್ಲಗೆ ಎದ್ದು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಾನೆ. ಎಷ್ಟು ಹಾಡು ಬರೆದನೆಂದರೆ, ಕೊನೆಗೆ ಅವಳ ಹೆಸರೇ ಮರೆತುಹೋಗುತ್ತದೆ. ಶೀರ್ಷಿಕೆಯಲ್ಲೇ ಗುಟ್ಟು ಬಿಟ್ಟುಕೊಟ್ಟಿದ್ದಾರೆ: ‘ಸಾಂಗ್ ಫಾರ್ ಹೂಎವರ್’. ಯಾರಾದರೂ ಸರಿ, ಅವಳಿಗೊಂದು ಹಾಡು.

ಬ್ಯೂಟಿಫುಲ್ ಸೌತ್ ಎಂಬ ತಂಡದ ಮೊದಲ ಆಲ್ಬಮ್ ‘ವೆಲ್‌ಕಮ್ ಟು ದ ಬ್ಯೂಟಿಫುಲ್ ಸೌತ್’ ಶುರುವಾಗುವುದೇ ಈ ಹಾಡಿನಿಂದ. 1989ರ ಅಕ್ಟೋಬರಿನಲ್ಲಿ ಗೋ! ಡಿಸ್ಕ್ಸ್ ಕಂಪನಿ ಅದನ್ನು ಹೊರತಂದಿತು. ಆಲ್ಬಮ್ ಚಾರ್ಟಿನಲ್ಲೂ ಅದು 2ನೇ ಸ್ಥಾನ ಮುಟ್ಟಿತು. ಅಷ್ಟು ಮಾರಾಟವಾದದ್ದನ್ನು ಕಡೆಗಣಿಸಲ್ಪಟ್ಟ ಆಲ್ಬಮ್ ಅನ್ನಬಹುದೇ? ಖಂಡಿತ ಅನ್ನಬಹುದು. ಕೊಂಡವರು ಬಹಳ, ಕಿವಿಗೊಟ್ಟವರು ಕಡಿಮೆ. ಅದೇ ವರ್ಷ ಮ್ಯಾಂಚೆಸ್ಟರಿನ ಸ್ಟೋನ್ ರೋಸಸ್ ತಂಡವೂ ಮೊದಲ ಆಲ್ಬಮ್ ತಂದಿತು. ಆ ಕಾಲದ ಸಂಗೀತದ ಇತಿಹಾಸ ಹೇಳುವವರು ಅದಕ್ಕೆ ಅಧ್ಯಾಯಗಳನ್ನೇ ಮೀಸಲಿಡುತ್ತಾರೆ. ಇದಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಅಡಿಟಿಪ್ಪಣಿ. ಇಂಪಾಗಿರುವುದೇ ಇದರ ಅಪರಾಧ.

ತಂಡದ ಹೆಸರೇ ಮೊದಲ ಕೊಂಕು. ಇವರು ಇಂಗ್ಲೆಂಡಿನ ದಕ್ಷಿಣದವರಲ್ಲ, ಈಶಾನ್ಯ ಕರಾವಳಿಯ ಹಲ್ ಎಂಬ ಬಂದರು ಪಟ್ಟಣದವರು. ಒಂದು ಕಾಲಕ್ಕೆ ಐಸ್‌ಲ್ಯಾಂಡಿನ ಸಮುದ್ರದವರೆಗೆ ಹೋಗಿ ಕಾಡ್ ಮೀನು ಹಿಡಿದು ತರುತ್ತಿದ್ದ ಊರು ಅದು. 1976ರಲ್ಲಿ ಐಸ್‌ಲ್ಯಾಂಡ್ ತನ್ನ ಸಮುದ್ರದ ಗಡಿಯನ್ನು 200 ಮೈಲಿಗೆ ಭದ್ರಪಡಿಸಿಕೊಂಡ ಮೇಲೆ ಆ ಕಸುಬು ನೆಲಕಚ್ಚಿತು. ಪ್ರಧಾನಿ ಥ್ಯಾಚರ್ ಕಾಲದಲ್ಲಿ ಲಂಡನ್ ಸುತ್ತಲಿನ ದಕ್ಷಿಣ ಕೊಬ್ಬುತ್ತಿತ್ತು, ಉತ್ತರದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಅಂಥ ಊರಲ್ಲಿ ಕೂತು ‘ಸುಂದರ ದಕ್ಷಿಣ’ ಎಂದು ಹೆಸರಿಟ್ಟುಕೊಳ್ಳುವುದು ಯಾವ ಬಗೆಯ ಹೊಗಳಿಕೆ ಎಂದು ವಿವರಿಸಬೇಕಿಲ್ಲ. ತಂಡದ ಗಾಯಕರಾದ ಪಾಲ್ ಹೀಟನ್ ಮತ್ತು ಡೇವ್ ಹೆಮಿಂಗ್ವೇ ಇದಕ್ಕೆ ಮೊದಲು ಹೌಸ್‌ಮಾರ್ಟಿನ್ಸ್ ತಂಡದಲ್ಲಿದ್ದರು. 1988ರಲ್ಲಿ ಅದು ಮುಗಿಯಿತು. ಅಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ನಾರ್ಮನ್ ಕುಕ್ ಮುಂದೆ ಫ್ಯಾಟ್‌ಬಾಯ್ ಸ್ಲಿಮ್ ಎಂಬ ಡಿಜೆ ಆಗಿ ಜಗತ್ತನ್ನೇ ಕುಣಿಸಿದ. ಹೀಟನ್ ಮಾತ್ರ ಗಿಟಾರ್ ವಾದಕ ಡೇವ್ ರಾಥರೆ ಜೊತೆ ಕೂತು ಈ ವಿಷದ ಮಿಠಾಯಿಗಳನ್ನು ಕಟ್ಟತೊಡಗಿದ.

ಮಿಠಾಯಿ ಹೇಗೆ ಕಟ್ಟುತ್ತಾರೆ ಅನ್ನುವುದೇ ಇಲ್ಲಿ ಕುತೂಹಲದ ಸಂಗತಿ. ನಿಂದಾಸ್ತುತಿ ನಮಗೆ ಹೊಸದಲ್ಲ. ದಾಸರು ದೇವರನ್ನು ಬೈಯುತ್ತಾ ಹೋಗುತ್ತಾರೆ, ಬೈಗುಳದ ಒಳಗೆ ಭಕ್ತಿ ಕೂತಿರುತ್ತದೆ. ಅಲಂಕಾರಶಾಸ್ತ್ರ ಇದನ್ನೂ ಇದರ ತಿರುವುಮುರುವನ್ನೂ ಸೇರಿಸಿ ವ್ಯಾಜಸ್ತುತಿ ಅನ್ನುತ್ತದೆ. ಬೈದಂತೆ ಮಾಡಿ ಹೊಗಳುವುದೂ ಅದೇ, ಹೊಗಳಿದಂತೆ ಮಾಡಿ ಬೈಯುವುದೂ ಅದೇ. ಹೀಟನ್ ಹಿಡಿದದ್ದು ಎರಡನೆಯ ದಾರಿ. ಆಡುಮಾತಿನಲ್ಲಿ ಹೇಳುವುದಾದರೆ ಶಾಲಿನಲ್ಲಿ ಸುತ್ತಿ ಹೊಡೆಯುವುದು. ಇಲ್ಲಿ ಶಾಲು ಎಂದರೆ ಮಟ್ಟು. ಏಟು ಎಂದರೆ ಸಾಹಿತ್ಯ. ಇವೆರಡರ ನಡುವೆ ಒಬ್ಬ ಪಾತ್ರಧಾರಿಯೂ ಇರುತ್ತಾನೆ, ಹೆಚ್ಚಿನವರು ಗಮನಿಸದೆ ದಾಟುವುದು ಅವನನ್ನೇ. ಹಾಡಿನಲ್ಲಿ ‘ನಾನು’ ಅನ್ನುವವನು ಹೀಟನ್ ಅಲ್ಲ. ಯಕ್ಷಗಾನದ ರಾಕ್ಷಸವೇಷ ತನ್ನ ಪೌರುಷವನ್ನು ತಾನೇ ಕೊಚ್ಚಿಕೊಳ್ಳುವಂತೆ, ಈ ‘ನಾನು’ ಕೂಡ ತನ್ನ ಸಣ್ಣತನವನ್ನು ತಾನೇ ಬಿಚ್ಚಿಡುತ್ತಾನೆ. ತಾನು ಒಳ್ಳೆಯವನಾಗಿಯೇ ಕಾಣುತ್ತಿದ್ದೇನೆ ಅನ್ನುವ ಭ್ರಮೆ ಅವನಿಗೆ. ‘ಸಾಂಗ್ ಫಾರ್ ಹೂಎವರ್’ನಲ್ಲಿ ಹೀಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾನೆ. ಮಾತುಗಳನ್ನು ಕಟ್ಟಿದವನು ತಾನಾದರೂ ಮುಖ್ಯ ದನಿಯನ್ನು ಹೆಮಿಂಗ್ವೇಗೆ ಬಿಟ್ಟುಕೊಡುತ್ತಾನೆ. ಬರೆದವನೇ ಬೇರೆ, ಹಾಡುವವನೇ ಬೇರೆ, ಹಾಡಿನೊಳಗೆ ಮಾತಾಡುವವನೇ ಬೇರೆ.

ಆ ಹಾಡಿನ ಒಳಗೆಲಸವನ್ನು ಬಿಚ್ಚಿ ನೋಡಿದರೆ ಉಳಿದವು ಸುಲಭವಾಗುತ್ತವೆ. ಹೃದಯದಾಳದಿಂದ ಪ್ರೀತಿಸುತ್ತೇನೆ ಅನ್ನುವುದು ಇಂಗ್ಲಿಷಿನಲ್ಲಿ ಸವೆದುಹೋದ ಮಾತು. ಇವನು ಹೃದಯವನ್ನು ತೆಗೆದು ಪೆನ್ಸಿಲ್ ಡಬ್ಬಿ ಇಟ್ಟಿದ್ದಾನೆ. ನಮ್ಮ ಶಾಲೆಯ ಮಾತಿನಲ್ಲಿ ಹೇಳಿದರೆ ಕಂಪಾಸ್ ಬಾಕ್ಸಿನ ತಳದಿಂದ ಪ್ರೀತಿಸುತ್ತೇನೆ. ಬದಲಾದದ್ದು ಒಂದೇ ಪದ, ಇಡೀ ವಾಕ್ಯ ತಲೆಕೆಳಗಾಯಿತು. ಇನ್ನು ಪ್ರಾಸ: ಡೀಪ್, ರೀಪ್, ವೀಪ್, ಚೀಪ್, ಅಸ್ಲೀಪ್, ಕ್ರೀಪ್. ಒಂದೇ ಉಲಿಯನ್ನು ಹಗ್ಗದಂತೆ ಎಳೆದಿದ್ದಾನೆ. ಬರೆಯಲು ಬಾರದೆ ಮಾಡಿದ್ದಲ್ಲ. ಅಗ್ಗದ ಪ್ರೇಮಗೀತೆಯ ಕಾರ್ಖಾನೆಯಲ್ಲಿ ಪ್ರಾಸ ಹೇಗೆ ಅಚ್ಚಾಗಿ ಬೀಳುತ್ತದೆ ಎಂದು ತೋರಿಸುತ್ತಿದ್ದಾನೆ. ಈ ಸಾಲಿನಲ್ಲಿ ‘ಚೀಪ್’ ಎಂಬ ಪದವೂ ಇದೆ ಅನ್ನುವುದನ್ನು ಮರೆಯಬೇಡಿ.

ಭಾರತದ ಕೇಳುಗ ಎಡವುವುದು ಪಿಆರ್‌ಎಸ್ ಚೆಕ್ ಎಂಬ ಮಾತಿನಲ್ಲಿ. ಪಿಆರ್‌ಎಸ್ ಎಂದರೆ 1914ರಲ್ಲಿ ಶುರುವಾದ ಪರ್ಫಾರ್ಮಿಂಗ್ ರೈಟ್ ಸೊಸೈಟಿ. ರೇಡಿಯೋದಲ್ಲಿ, ಪಬ್ಬಿನಲ್ಲಿ, ವೇದಿಕೆಯ ಮೇಲೆ ಹಾಡು ಕೇಳಿಸಿದಾಗಲೆಲ್ಲ ಅದು ಶುಲ್ಕ ವಸೂಲು ಮಾಡಿ ಹಾಡು ಬರೆದವರಿಗೂ ಪ್ರಕಾಶಕರಿಗೂ ಹಂಚುತ್ತದೆ. ನಮ್ಮಲ್ಲಿ 1969ರಿಂದ ಐಪಿಆರ್‌ಎಸ್ ಮಾಡುತ್ತಿರುವುದು ಇದೇ ಕೆಲಸ. ಈ ದುಡ್ಡು ಬರೆದವನಿಗೆ ಸೇರುತ್ತದೆ, ಬರೀ ಹಾಡಿದವನಿಗಲ್ಲ. ಆದ್ದರಿಂದಲೇ ನಮ್ಮ ಪ್ರೇಮಿಗೆ ಹಾಡುವುದಕ್ಕಿಂತ ಬರೆದಿಟ್ಟುಕೊಳ್ಳುವ ಆತುರ. ನಿಜವಾದ ತಮಾಷೆ ಹಾಡಿನ ಹೊರಗೆ ನಡೆಯಿತು. ಪ್ರೇಮಗೀತೆಯ ವ್ಯಾಪಾರವನ್ನು ಗೇಲಿ ಮಾಡಿದ ಹಾಡನ್ನು ರೇಡಿಯೋಗಳು ಪ್ರೇಮಗೀತೆಯೆಂದೇ ಮತ್ತೆ ಮತ್ತೆ ಹಾಕಿದವು, ಹಾಕಿದಾಗಲೆಲ್ಲ ಬರೆದವರ ಹೆಸರಿಗೆ ಅದೇ ಪಿಆರ್‌ಎಸ್ ಲೆಕ್ಕ ಬರೆದುಕೊಂಡಿತು. ಕಥಾನಾಯಕ ಬಯಸಿದ್ದು ನಂಬರ್ ಒನ್ ಪಟ್ಟ, ಸಿಕ್ಕಿದ್ದು 2ನೇ ಸ್ಥಾನ. ಅಷ್ಟರಮಟ್ಟಿಗೆ ನ್ಯಾಯ ಉಳಿಯಿತು.

ಆಲ್ಬಮ್‌ನ ಕರಾಳ ಕೋಣೆ ‘ವುಮನ್ ಇನ್ ದ ವಾಲ್’. ಕೈತಾಳ ಹಾಕಿಸುವ ಲಯ, ಲವಲವಿಕೆಯ ಮಟ್ಟು. ಕಥೆ ಇಷ್ಟೇ: ಕುಡುಕ ಗಂಡ ಹೆಂಡತಿಯನ್ನು ಕೊಂದು ಗೋಡೆಯೊಳಗಿಟ್ಟು ಮುಚ್ಚಿದ್ದಾನೆ. ಮೊದಲ ಸಾಲುಗಳೇ ಶ್ಲೇಷೆಯಲ್ಲಿ ಕಾಲೂರುತ್ತವೆ. ಇಂಗ್ಲಿಷಿನಲ್ಲಿ ‘ಸೋಶಿಯಲ್ ಡ್ರಿಂಕರ್’ ಎಂದರೆ ನಾಲ್ಕು ಜನ ಸೇರಿದಾಗ ಮಾತ್ರ ಕುಡಿಯುವವನು, ಅಂದರೆ ಕುಡುಕನಲ್ಲದವನು. ಇವನೂ ಅಂಥವನೇ, ಆದರೆ ನಾಲ್ಕು ಜನ ದಿನಾ ರಾತ್ರಿ ಸೇರುತ್ತಿದ್ದರು. ಅಮಲೇರಿ ತೂರಾಡಿದ್ದು ಅಪರೂಪ, ಅಮಲು ಪೂರ್ತಿ ಇಳಿದದ್ದೂ ಅಪರೂಪ. ಕುಡಿತವೇ ತನ್ನ ಸಮಸ್ಯೆ ಎಂದು ಅವನಿಗೆ ಅನ್ನಿಸಿಯೇ ಇಲ್ಲ. ಅವಳನ್ನು ಕೆಡವಿ, ಹೆಣ ನಾರತೊಡಗಿದಾಗಷ್ಟೇ ಅವನಿಗೆ ಸಮಸ್ಯೆಯೊಂದು ಕಾಣುತ್ತದೆ. ಅದು ಕೂಡ ಪಶ್ಚಾತ್ತಾಪವಲ್ಲ, ಬರೀ ವಾಸನೆಯ ತೊಂದರೆ. ಕುಡುಕರ ಮನೆಯವರಿಗೆ ಪರಿಚಿತವಾದ ಆ ಸಮಜಾಯಿಷಿಯ ಭಾಷೆಯನ್ನು ಹೀಟನ್ ಇದ್ದದ್ದು ಇದ್ದ ಹಾಗೆ ಎತ್ತಿಕೊಂಡಿದ್ದಾನೆ. ನಗು ಬರುವುದು ಅದರ ನಿಖರತೆಗೆ.

ಪಲ್ಲವಿ ಬಂದಾಗ ಮಾತಿನ ಬಣ್ಣ ಬದಲಾಗುತ್ತದೆ. ಬೀದಿಯಲ್ಲಿ ಸ್ವಾತಂತ್ರ್ಯದ ಘೋಷಣೆ ಕೂಗುವ ಧಾಟಿಯಲ್ಲಿ ಗೋಡೆಯೊಳಗಿನ ಹೆಂಗಸಿಗೆ ಬಿಡುಗಡೆ ಬೇಡುತ್ತಾರೆ. ‘ಕ್ರೈ ಫ್ರೀಡಂ’ ಎಂಬ ಆ ಮಾತು ಅಂದಿನ ಬ್ರಿಟಿಷರ ಕಿವಿಯಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ವಿರೋಧಿ ಹೋರಾಟವನ್ನು ನೆನಪಿಸುತ್ತಿತ್ತು. 1987ರಲ್ಲಿ ರಿಚರ್ಡ್ ಅಟೆನ್‌ಬರೊ ಅದೇ ಹೆಸರಿನ ಚಿತ್ರ ತೆಗೆದಿದ್ದರು. ದೂರದೇಶದ ಬಿಡುಗಡೆಗೆ ಕೂಗುವ ನಾಲಿಗೆ ಪಕ್ಕದ ಮನೆಯ ಗೋಡೆಯ ಬಗ್ಗೆ ಏನೆನ್ನುತ್ತದೆ? ಹಾಡು ಹೀಗೆ ನೇರವಾಗಿ ಕೇಳುವುದಿಲ್ಲ. ಬದಲು, ಅವಳಿಗೆ ಎಂಥ ಶವಸಂಸ್ಕಾರ ಸಿಕ್ಕಿತು ಎಂದು ಹೇಳುತ್ತದೆ: ಸ್ವೆಟರ್ ಹೆಣೆಯುವ ಕಡ್ಡಿಗಳಿಂದ ಶಿಲುಬೆ, ಹೂವರ್ ಚೀಲಗಳಿಂದ ಗೋರಿ. ಹೂವರ್ ಎಂದರೆ ವ್ಯಾಕ್ಯೂಮ್ ಕ್ಲೀನರ್. ನಾವು ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ, ನಕಲು ಪ್ರತಿಗೆಲ್ಲ ಜೆರಾಕ್ಸ್ ಎಂದಂತೆ, ಅವರಿಗೆ ಕಸ ಹೀರುವ ಯಂತ್ರವೆಲ್ಲ ಹೂವರ್. ಕಸ ತುಂಬುವ ಅದರ ಕಾಗದದ ಚೀಲವೇ ಗೋರಿ. ಬದುಕಿದ್ದಾಗ ಅವಳ ಕೈಯಲ್ಲಿದ್ದ ಸಾಮಾನುಗಳೇ ಸತ್ತ ಮೇಲೂ ಜೊತೆಗೆ ಬಂದವು. ಆಲ್ಬಮ್‌ನಲ್ಲಿ ನಗು ಗಂಟಲಲ್ಲಿ ಸಿಕ್ಕಿಕೊಳ್ಳುವ ಜಾಗ ಇದು.

ಬ್ರಿಟಿಷ್ ಕೇಳುಗರಿಗೆ ಗೋಡೆಯೊಳಗಿನ ಹೆಣ ಬರೀ ಕಲ್ಪನೆಯಾಗಿ ಕೇಳಿಸುವುದಿಲ್ಲ. ಲಂಡನ್ನಿನ 10, ರಿಲ್ಲಿಂಗ್ಟನ್ ಪ್ಲೇಸ್ ಎಂಬ ವಿಳಾಸ ಅಲ್ಲಿನವರಿಗೆ ಬಾಯಿಪಾಠ. 1953ರಲ್ಲಿ ಅಡುಗೆಮನೆಯ ಗೋಡೆಕಾಗದ ಕಿತ್ತಾಗ ಹಿಂದಿನ ಗೂಡಿನಲ್ಲಿ ಹೆಂಗಸರ ಶವಗಳು ಸಿಕ್ಕವು. ಆ ಮನೆಯ ಜಾನ್ ಕ್ರಿಸ್ಟಿ ತನ್ನ ಹೆಂಡತಿಯನ್ನೂ ಕೊಂದು ನೆಲದ ಹಲಗೆಯಡಿ ಹೂತಿದ್ದ. ಅದೇ ವರ್ಷ ಅವನು ಗಲ್ಲಿಗೇರಿದ. ಹಾಡಿನಲ್ಲಿ ಆ ಹೆಸರು ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಇನ್ನೂ ಹಿಂದಕ್ಕೆ ಹೋದರೆ ಕೊಲೆಯ ಲಾವಣಿಗಳಿವೆ. 1827ರಲ್ಲಿ ಸಫೋಕ್ ಪ್ರಾಂತ್ಯದ ಪೋಲ್‌ಸ್ಟೆಡ್ ಹಳ್ಳಿಯಲ್ಲಿ ಮರಿಯಾ ಮಾರ್ಟನ್ ಎಂಬವಳನ್ನು ಅವಳ ಪ್ರಿಯಕರ ಕೊಂದು ಕಣಜದ ನೆಲದಡಿ ಹೂತ. ಮರುವರ್ಷ ಅವನನ್ನು ನೇಣಿಗೇರಿಸಿದಾಗ ಆ ಕಥೆಯ ಹಾಡು ಒಂದು ಹಾಳೆಯಲ್ಲಿ ಅಚ್ಚಾಗಿ ದೇಶದ ತುಂಬ ಮಾರಾಟವಾಯಿತು. ಇಂಥ ಹಾಡುಗಳಿಗೆ ಹೊಸ ಮಟ್ಟು ಕಟ್ಟುತ್ತಿರಲಿಲ್ಲ, ಜನಕ್ಕೆ ಗೊತ್ತಿದ್ದ ಯಾವುದೋ ಧಾಟಿಗೆ ಕೂಡಿಸುತ್ತಿದ್ದರು. ಕೊಲೆಯ ಕಥೆ, ಹಬ್ಬದ ಮಟ್ಟು ಒಂದಾಗುವುದು ಹಾಗೆ.

ನಮ್ಮ ‘ಕೆರೆಗೆ ಹಾರ’ ಬಲ್ಲವರಿಗೆ ಇದರ ಮರ್ಮ ಬೇಗ ಸಿಗುತ್ತದೆ. ಕಲ್ಲನಕೇರಿಯ ಕೆರೆಗೆ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡುವ ಆ ಹಾಡಿನಲ್ಲಿ ಅಡುಗೆ ಮಾಡುವಾಗಲೂ ಅದೇ ಧಾಟಿ, ನೀರು ಕುತ್ತಿಗೆಗೆ ಏರುವಾಗಲೂ ಅದೇ ಧಾಟಿ. ರಾಗ ಬದಲಾಯಿಸಿ ಕಣ್ಣೀರು ಹಿಂಡುವುದಿಲ್ಲ. ಮಟ್ಟು ಕದಲದೆ ನಿಂತಿರುವುದರಿಂದಲೇ ಮನೆಮಂದಿಯ ತಣ್ಣನೆಯ ಮನಸ್ಸು ಎದೆಗೆ ತಾಗುತ್ತದೆ. ಇಲ್ಲಿ ಗೋಡೆ, ಅಲ್ಲಿ ಕೆರೆ. ಅಲ್ಲಿ ಶೋಕ, ಇಲ್ಲಿ ಕುಹಕ. ಕಥೆ ಎಲ್ಲಿಗೇ ಹೋದರೂ ಮಟ್ಟು ತನ್ನ ಪಾಡಿಗೆ ತಾನು ನಡೆಯುವುದು ಮಾತ್ರ ಎರಡರಲ್ಲೂ ಒಂದೇ.

‘ಯೂ ಕೀಪ್ ಇಟ್ ಆಲ್ ಇನ್’ ಚಿಕ್ಕದು, ಮೂರು ನಿಮಿಷವೂ ಇಲ್ಲ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡಾಗಿ, 8ನೇ ಸ್ಥಾನಕ್ಕೆ ಹೋಯಿತು. ಗಂಡುದನಿ, ಉತ್ತರ ಐರ್ಲೆಂಡಿನ ಬ್ರಿಯಾನಾ ಕಾರಿಗನ್ ಅವರ ಹೆಣ್ಣುದನಿ, ಸವಾಲ್-ಜವಾಬಿನಂತೆ. ಮೇಲ್ನೋಟಕ್ಕೆ ಮನಸ್ಸಿನದ್ದನ್ನು ಹೇಳಿಕೊಳ್ಳದ ಬ್ರಿಟಿಷ್ ಗಂಡಸಿನ ಮೇಲೆ ಲಘು ತಮಾಷೆ. ಅಷ್ಟರಲ್ಲಿ ಮಧ್ಯರಾತ್ರಿಯ ಮನೆಯೊಂದು ತೆರೆದುಕೊಳ್ಳುತ್ತದೆ: ಗಂಡ ಜಗಳಕ್ಕೆ ಸಜ್ಜಾಗುತ್ತಿದ್ದಾನೆ, ಮಗಳು ದೀಪ ಹಚ್ಚಿಕೊಂಡೇ ಒಬ್ಬಳೇ ಮಲಗಿದ್ದಾಳೆ, ಕೇಳಿಸಿದರೂ ಸುಮ್ಮನಿದ್ದಾಳೆ. ಕೊನೆಯಲ್ಲಿ ಅದೇ ಹಗುರ ದನಿಯಲ್ಲಿ 62ರ ಒಂದು ದರೋಡೆ, 73ರ ಒಂದು ಕೊಲೆಯನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡೆ ಎಂದುಬಿಡುತ್ತಾನೆ. ಗುನುಗುವಾಗ ನಾಲಿಗೆಗೆ ಈ ಸಾಲುಗಳೂ ಸಿಗುತ್ತವೆ, ಅರ್ಥ ಹೊಳೆಯುವುದು ಆಮೇಲೆ. ಗಂಡ ಹೆಂಡತಿಯ ಮೇಲೆ ಅತ್ಯಾಚಾರ ಎಸಗಿದರೆ ಅದೂ ಅಪರಾಧವೇ ಎಂದು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ ಹೇಳಿದ್ದು 1991ರಲ್ಲಿ, ಈ ಆಲ್ಬಮ್ ಬಂದು ಎರಡು ವರ್ಷಕ್ಕೆ. ಮನೆಯೊಳಗಿನದು ಮನೆಯೊಳಗೇ ಇರಲಿ ಅನ್ನುವ ಮಾತಿಗೆ ಆಗಿನ್ನೂ ಅಷ್ಟು ಬಲವಿತ್ತು.

ಎಲ್ಲವೂ ಹೆಣದ ವಿಷಯವೇ ಅಲ್ಲ. ‘ಐಲ್ ಸೇಲ್ ದಿಸ್ ಶಿಪ್ ಅಲೋನ್’ನಲ್ಲಿ ಹೀಟನ್ ದನಿಯ ಭಗ್ನಪ್ರೇಮಿಯೊಬ್ಬ ಹೇಳುವುದು ಕೇಳಿ: ಪರಿಪೂರ್ಣ ಪ್ರೇಮಗೀತೆ ಬರೆದರೆ ನೀನು ವಾಪಸ್ ಬರುತ್ತೀಯ ಅಂದರು, ಬರೆದೆ, ಎಲ್ಲೋ ಕಳೆದುಹೋಯಿತು, ಹೇಗೂ ಇರಲಿ ಬರುತ್ತೀಯಾ? ‘ಸ್ಟ್ರೇಟ್ ಇನ್ ಅಟ್ 37’ ಎಂಬ ಶೀರ್ಷಿಕೆ ಅರ್ಥವಾಗಲು ಆಗ ಅಲ್ಲಿನ ರೇಡಿಯೋದಲ್ಲಿ ಭಾನುವಾರ ಸಂಜೆ ಬರುತ್ತಿದ್ದ ಟಾಪ್ 40 ಕಾರ್ಯಕ್ರಮ ಗೊತ್ತಿರಬೇಕು. ಹೊಸ ಹಾಡು ಪಟ್ಟಿಗೆ ನೇರ ನುಗ್ಗಿತು ಎಂದು ನಿರೂಪಕ ಗತ್ತಿನಿಂದ ಸಾರುವ ಧಾಟಿ ಅದು. ನುಗ್ಗಿದ್ದು ಮಾತ್ರ 40ರಲ್ಲಿ 37ಕ್ಕೆ. ತಮಾಷೆಯೆಂದರೆ ಇವರದೇ ಆಲ್ಬಮ್‌ನ ಮೂರನೇ ಸಿಂಗಲ್, ಆ ಕಳೆದುಹೋದ ಪ್ರೇಮಗೀತೆಯ ಹಾಡು, 31ರಿಂದ ಮೇಲೇರಲಿಲ್ಲ.

ನಿರ್ಮಾಪಕ ಮೈಕ್ ಹೆಜಸ್. ಕ್ಯೂರ್, ಸೂಕ್ಸಿ ಅಂಡ್ ದ ಬ್ಯಾನ್‌ಶೀಸ್‌ನಂಥ ಕಪ್ಪು ಬಟ್ಟೆಯ, ಮಂಕು ಮುಖದ ತಂಡಗಳ ಜೊತೆ ಕೆಲಸ ಮಾಡಿದ್ದವರು. ಆ ತಂಡಗಳಲ್ಲಿ ಕತ್ತಲು ವಾದ್ಯದಲ್ಲೂ ಇರುತ್ತದೆ, ವೇಷದಲ್ಲೂ ಇರುತ್ತದೆ, ಕೇಳುಗನಿಗೆ ಮುಂಚೆಯೇ ಸೂಚನೆ ಸಿಕ್ಕಿರುತ್ತದೆ. ಇಲ್ಲಿ ದನಿಗಳು ತಿಳಿಯಾಗಿವೆ, ವಾದ್ಯಗಳು ಒಂದರ ಮೇಲೊಂದು ಬೀಳುವುದಿಲ್ಲ, ಪ್ರತಿ ಪದವೂ ಬಿಡಿಯಾಗಿ ಕೇಳುತ್ತದೆ. ಇಂಥ ಸಾಹಿತ್ಯಕ್ಕೆ ಅದು ಅನಿವಾರ್ಯ, ಪದ ಮಸುಕಾದರೆ ಕೊಂಕೂ ಮಸುಕು.

ಸೂಚನೆ ಸಿಗಬಹುದಾಗಿದ್ದ ಒಂದೇ ಜಾಗ ಕವರ್. ಝೆಕ್ ಛಾಯಾಗ್ರಾಹಕ ಯಾನ್ ಸೌದೆಕ್ ತೆಗೆದ ಎರಡು ಚಿತ್ರಗಳನ್ನು ಅದಕ್ಕೆ ಬಳಸಿದ್ದರು. ಒಂದರಲ್ಲಿ ಬಾಯೊಳಗೆ ಪಿಸ್ತೂಲು ಇಟ್ಟುಕೊಂಡ ಹೆಂಗಸು, ಇನ್ನೊಂದರಲ್ಲಿ ಸಿಗರೇಟು ಸೇದುವ ಗಂಡಸು. ವೂಲ್ವರ್ತ್ಸ್ ಅಂಗಡಿಗಳು ಇದನ್ನು ಮಾರಲು ಒಪ್ಪಲಿಲ್ಲ. ಅವರಿಗಾಗಿ ಬೇರೆ ಕವರ್ ಬಂತು: ಒಂದು ಆಟಿಕೆ ಮೊಲ, ಒಂದು ಟೆಡ್ಡಿ ಕರಡಿ. ಒಳಗಿನ ಹಾಡುಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಪಿಸ್ತೂಲು ಬೇಡವೆಂದವರು ಗೋಡೆಯೊಳಗಿನ ಹೆಣವನ್ನು ಟೆಡ್ಡಿ ಕರಡಿಯಲ್ಲಿ ಸುತ್ತಿ ಮಾರಿದರು. ಆಲ್ಬಮ್ ಮಾಡುತ್ತಿದ್ದದ್ದನ್ನೇ ಅಂಗಡಿಯೂ ತಿಳಿಯದೆ ಮಾಡಿತು.

ಆದರೂ ಇದು ಮರೆಗೆ ಸರಿದದ್ದಕ್ಕೆ ದೊಡ್ಡ ಕಾರಣ 1994ರ ‘ಕ್ಯಾರಿ ಆನ್ ಅಪ್ ದ ಚಾರ್ಟ್ಸ್’ ಎಂಬ ಸಂಕಲನ. ಅದು ಮೊದಲ ಸ್ಥಾನಕ್ಕೇರಿ, ಆ ಕ್ರಿಸ್‌ಮಸ್‌ಗೆ ಮನೆಮನೆ ಸೇರಿತು. ಅದರಲ್ಲಿರುವುದು ಸಿಂಗಲ್‌ಗಳು ಮಾತ್ರ. ಮೊದಲ ಆಲ್ಬಮ್‌ನಿಂದ ಮೂರೇ ಹಾಡು. ‘ವುಮನ್ ಇನ್ ದ ವಾಲ್’ ಸಿಂಗಲ್ ಅಲ್ಲವಾದ್ದರಿಂದ ಇಲ್ಲ. ಸಂಕಲನ ಕೊಂಡವರು ಮೂಲ ಆಲ್ಬಮ್‌ನತ್ತ ತಿರುಗಲಿಲ್ಲ, ವಿಮರ್ಶಕರು ಎಲ್ಲರ ಮನೆಯಲ್ಲೂ ಇರುವ ತಂಡದ ಬಗ್ಗೆ ಬರೆಯುವುದೇನು ಎಂದು ಬಿಟ್ಟರು.

ಹೊಸದಾಗಿ ಕೇಳುವವರು ಅದಕ್ಕೇ ಸಂಕಲನದಿಂದ ಶುರು ಮಾಡಬಾರದು. ಮೊಬೈಲಿನಲ್ಲಿ ಹುಡುಕುವಾಗ 1989ರ ಆಲ್ಬಮ್ ಹೌದೇ ನೋಡಿ. ‘ಸಾಂಗ್ ಫಾರ್ ಹೂಎವರ್’ ಆರು ನಿಮಿಷ ದಾಟಿದ್ದರೆ ಅದು ಪೂರ್ತಿ ರೂಪ, ನಾಲ್ಕು ಚಿಲ್ಲರೆ ಇದ್ದರೆ ರೇಡಿಯೋಕ್ಕೆಂದು ಕತ್ತರಿಸಿದ್ದು. ಮೊದಲ ಸಲ ಸಾಹಿತ್ಯ ನೋಡದೆ ಕೇಳಿ, ಮಟ್ಟು ನಿಮ್ಮನ್ನು ಮೋಸಗೊಳಿಸಲಿ, ಆ ಮೋಸ ನಡೆಯದಿದ್ದರೆ ಮುಂದಿನದು ಕೆಲಸ ಮಾಡುವುದಿಲ್ಲ. ಎರಡನೇ ಸಲ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಪ್ರತಿ ಹಾಡಿನಲ್ಲೂ ‘ನಾನು’ ಯಾರು, ಅವನಿಗೆ ಏನು ಬೇಕು, ಏನನ್ನು ಮುಚ್ಚಿಡುತ್ತಿದ್ದಾನೆ ಎಂದು ಗುರುತು ಹಾಕಿಕೊಳ್ಳಿ. ಗಂಡುದನಿ ಹೆಣ್ಣುದನಿ ಎರಡೂ ಇರುವಲ್ಲಿ ಯಾರ ಮಾತನ್ನು ಯಾರು ತುಂಡರಿಸುತ್ತಾರೆ ಎಂದು ಗಮನಿಸಿ. ಬೇರೆ ಕೆಲಸ ಮಾಡುತ್ತಾ ಹಿನ್ನೆಲೆಯಲ್ಲಿ ಹಾಕಿಕೊಂಡರೆ ಇದು ಹೋಟೆಲ್ಲಿನ ಲಿಫ್ಟಿನ ಸಂಗೀತದಂತೆ ಹರಿದುಹೋಗುತ್ತದೆ. ಹೆಚ್ಚಿನವರು ಕೈಬಿಟ್ಟದ್ದು ಅಲ್ಲೇ. ಕೊನೆಯ ಹಾಡಿನ ಶೀರ್ಷಿಕೆ ‘ಐ ಲವ್ ಯೂ’, ಅದರ ಮುಂದೆ ಆವರಣ ಚಿಹ್ನೆಯೊಳಗೆ ‘ಆದರೆ ನೀನು ಬೋರು’. ಈ ಆವರಣ ಚಿಹ್ನೆಯನ್ನು ಪ್ರತಿ ಹಾಡಿಗೂ ಮನಸ್ಸಿನಲ್ಲೇ ಸೇರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮುಂದಕ್ಕೆ 1990ರ ‘ಚೋಕ್’ ಕೇಳಬಹುದು. ಕಾರಿಗನ್ ಮತ್ತು ಹೆಮಿಂಗ್ವೇ ಜಗಳವಾಡುವ ‘ಎ ಲಿಟಲ್ ಟೈಮ್’ ಅದರಲ್ಲಿದೆ, ತಂಡಕ್ಕೆ ನಂಬರ್ ಒನ್ ತಂದುಕೊಟ್ಟ ಏಕೈಕ ಸಿಂಗಲ್ ಅದು. 1992ರ ‘0898 ಬ್ಯೂಟಿಫುಲ್ ಸೌತ್’ಗೆ ಬರುವಾಗ ಸ್ವಲ್ಪ ಎಚ್ಚರ. ಅದರಲ್ಲಿ ‘36ಡಿ’ ಎಂಬ ಹಾಡಿದೆ, ಪತ್ರಿಕೆಗಳಿಗೆ ಅರೆಬೆತ್ತಲೆ ನಿಲ್ಲುವ ಹುಡುಗಿಯರ ಮೇಲೆ. ಮಟ್ಟು ಎಂದಿನಂತೆ ಚೆಂದ. ಆದರೆ ಅಲ್ಲಿ ವೇಷವಿಲ್ಲ. ಪತ್ರಿಕೆಯ ಮಾಲೀಕನನ್ನೋ ನೋಡುವ ಗಂಡಸನ್ನೋ ‘ನಾನು’ ಮಾಡಿ ಅವನ ಬಾಯಿಂದಲೇ ಅವನ ಬಣ್ಣ ಬಯಲು ಮಾಡುವ ಬದಲು, ಹಾಡು ನೇರ ಆ ಹುಡುಗಿಯ ಮುಂದೆ ನಿಂತು ಬೆರಳು ತೋರಿಸುತ್ತದೆ. ಪಾತ್ರಧಾರಿ ಹೊರಟುಹೋದರೆ ವ್ಯಾಜಸ್ತುತಿ ಬರೀ ಬೈಗುಳವಾಗುತ್ತದೆ, ಅದೂ ತಪ್ಪು ವಿಳಾಸಕ್ಕೆ. ಆ ಆಲ್ಬಮ್ ಆದಮೇಲೆ ಕಾರಿಗನ್ ತಂಡ ಬಿಟ್ಟರು. ಹಾಡಬೇಕಾಗಿದ್ದ ಸಾಹಿತ್ಯದ ಬಗೆಗಿನ ಭಿನ್ನಾಭಿಪ್ರಾಯವೂ ಅದಕ್ಕೆ ಒಂದು ಕಾರಣವಾಗಿತ್ತು.